ಕರಿಗಲ್ಲಿನ ದ್ವೀಪದವರು

ಪೀಕೊ ದ್ವೀಪದ ಜನರು ತಮ್ಮ ನೆಲದ ಕೆಲವು ಭಾಗಗಳನ್ನು ‘ಮಿಸ್ತೇರಿಯು’ ಎಂದು ಕರೆಯುತ್ತಾರೆ. ಮಾನವಬುದ್ಧಿಗೆ ನಿಲುಕದ ರಹಸ್ಯವೆಂಬುದು ಆ ಪದದ ಅರ್ಥ. 1562ರ ಸೆಪ್ಟೆಂಬರಿನಲ್ಲಿ ದ್ವೀಪದ ಉತ್ತರ ಪಾರ್ಶ್ವದಲ್ಲಿ, ಪ್ರಾಯಿನ್ಯ ಎಂಬ ಹಳ್ಳಿಯ ಮೇಲ್ಗಡೆ, ಬೆಟ್ಟದ ಬೆನ್ನು ಬಿರಿದು ಹೊರಬಿದ್ದ ಅಗ್ನಿದ್ರವವು ಸುಮಾರು ಎರಡು ವರ್ಷಗಳ ಕಾಲ ಹರಿದು, ಹೊಲ ತೋಪುಗಳನ್ನು ಮುಚ್ಚಿ, ಸಮುದ್ರವನ್ನು ಹಿಂದಕ್ಕೆ ನೂಕಿ ಹೊಸ ದಡವೊಂದನ್ನೇ ನಿರ್ಮಿಸಿತು. 1718ರಲ್ಲಿ ಸಾಂತ ಲುಜಿಯ ಮತ್ತು ಸಾಂವ್ ಜುವಾಂವ್ ಗ್ರಾಮಗಳಲ್ಲಿಯೂ, 1720ರಲ್ಲಿ ಲಾಜೆಸ್ ಪಟ್ಟಣಕ್ಕೆ ಸಮೀಪದ ಸಿಲ್ವೆಯ್ರದಲ್ಲಿಯೂ ಅದೇ ಉತ್ಪಾತವು ಮರುಕಳಿಸಿತು. ಬೆಂಕಿ ಆರಿದ ಮೇಲೆ ಉಳಿದ ಕರಿಯ, ಮೊನಚಾದ, ನೇಗಿಲ ಗುಳಕ್ಕೆ ಎಡೆಗೊಡದ ಆ ಶಿಲಾಪ್ರಸ್ತರಗಳಿಗೆ ಶಾಸ್ತ್ರಜ್ಞರು ಬೇರೆ ಹೆಸರುಗಳನ್ನು ಕೊಟ್ಟಿದ್ದಾರೆ. ಆದರೆ ಅಜ್ಜನ ಹೊಲವು ಕಣ್ಣೆದುರಿಗೇ ಕಲ್ಲಾದುದನ್ನು ಕಂಡ ರೈತನಿಗೆ ‘ರಹಸ್ಯ’ವೆಂಬುದಕ್ಕಿಂತ ಯುಕ್ತವಾದ ಹೆಸರು ದೊರೆಯುತ್ತಿತ್ತೆಂದು ನನಗೆ ತೋರುವುದಿಲ್ಲ. ಈ ದ್ವೀಪದ ಕಸುಬುಗಳನ್ನೂ ಹಬ್ಬಗಳನ್ನೂ ಕುರಿತು ಬರೆಯಹೊರಟವನು ಕಲ್ಲಿನಿಂದಲೇ ಆರಂಭಿಸಬೇಕು; ಏಕೆಂದರೆ ಅಲ್ಲಿಯ ಒಂದೊಂದು ಕೈಗೆಲಸದ ಹಿಂದೆಯೂ ಒಂದು ಅಭಾವವುಂಟು, ಒಂದೊಂದು ಉತ್ಸವದ ಹಿಂದೆಯೂ ಒಂದು ಭಯವುಂಟು.

ಪೋರ್ಚುಗಲ್ಲಿನ ರಾಜಧಾನಿಯಾದ ಲಿಸ್ಬನ್ನಿನಿಂದ ಪಶ್ಚಿಮಕ್ಕೆ ಸುಮಾರು 1500 ಕಿಲೋಮೀಟರು ದೂರ, ಅಟ್ಲಾಂಟಿಕ್ ಮಹಾಸಾಗರದ ನಡುವೆ ಚೆಲ್ಲಿದಂತಿರುವ ಅಜೋರ್ಸ್ ಎಂಬ ಒಂಬತ್ತು ದ್ವೀಪಗಳಲ್ಲಿ ಪೀಕೊ ಒಂದು. ಪೀಕೊ ಎಂದರೆ ಶಿಖರ. 2351 ಮೀಟರು ಎತ್ತರಕ್ಕೆ ಸಮುದ್ರದಿಂದ ನೇರವಾಗಿ ಎದ್ದು ನಿಂತ ಆ ಅಗ್ನಿಪರ್ವತಕ್ಕಿಂತ ಉನ್ನತವಾದ ಬೆಟ್ಟವು ಪೋರ್ಚುಗಲ್ಲಿನಲ್ಲಿ ಮತ್ತೊಂದಿಲ್ಲ. ಮಂಜು ಮುಸುಕದ ದಿನಗಳಲ್ಲಿ ಸುತ್ತಣ ದ್ವೀಪಗಳ ಜನರು ಅದರ ತುದಿಯನ್ನು ನೋಡಿಯೇ ಮಳೆಗಾಳಿಗಳನ್ನು ಊಹಿಸುವುದುಂಟು. ದ್ವೀಪದ ಉದ್ದ ಸುಮಾರು 46 ಕಿಲೋಮೀಟರು, ಜನಸಂಖ್ಯೆ ಈಗ ಹದಿನಾಲ್ಕು ಸಾವಿರದ ಆಸುಪಾಸು. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರು ಬಂದು ನೆಲಸುವವರೆಗೆ ಇಲ್ಲಿ ಊರೆಂಬುದಿರಲಿಲ್ಲ. ದಕ್ಷಿಣ ತೀರದ ಲಾಜೆಸ್ ಮೊದಲ ಊರಾಯಿತು. ಉತ್ತರದಲ್ಲಿ ಸಾಂವ್ ರೋಕ್, ಪಶ್ಚಿಮದಲ್ಲಿ ಮದಲೇನ ಅನಂತರ ಬೆಳೆದುವು. ಮದಲೇನದ ಎದುರಿಗೆ ಎಂಟು ಕಿಲೋಮೀಟರಿನ ಕಡಲ ಕಾಲುವೆಯಾಚೆ ಫಯಾಲ್ ದ್ವೀಪವೂ, ಅದರ ಒಳ್ಳೆಯ ಬಂದರಾದ ಓರ್ತ ಪಟ್ಟಣವೂ ಕಾಣುತ್ತವೆ. ಪೀಕೊವಿಗೆ ಅಂಥ ಬಂದರಿಲ್ಲದಿದ್ದುದರಿಂದ ಅದರ ಬದುಕೆಲ್ಲವೂ ಬಹುಕಾಲ ಆ ಕಾಲುವೆಯನ್ನು ದಾಟಿಯೇ ಲೋಕಕ್ಕೆ ಹೋಗಬೇಕಾಗಿತ್ತು.

ಕನ್ನಡಿಗರಾದ ನಮಗೆ ಈ ದೂರದ ದ್ವೀಪಗಳು ಸಂಪೂರ್ಣವಾಗಿ ಅನ್ಯವಲ್ಲ. 1498ರಲ್ಲಿ ಕಾರವಾರದೆದುರಿನ ಅಂಜದೀವದಲ್ಲಿ ಲಂಗರು ಹಾಕಿ ಹಡಗುಗಳನ್ನು ದುರಸ್ತಿಮಾಡಿಕೊಂಡು ಸ್ವದೇಶಕ್ಕೆ ಮರಳಹೊರಟ ವಾಸ್ಕೊ ಡ ಗಾಮನ ಜೊತೆಯಲ್ಲಿ ಅವನ ಅಣ್ಣನಾದ ಪಾವ್ಲು ಡ ಗಾಮನೂ ಇದ್ದನು. ದಾರಿಯಲ್ಲಿ ರೋಗಪೀಡಿತನಾದ ಅವನನ್ನು ತಮ್ಮನು ಅಜೋರ್ಸಿನ ತೆರ್ಸೈರ ದ್ವೀಪಕ್ಕೆ ಕರೆದೊಯ್ದನು. 1499ರಲ್ಲಿ ಅಲ್ಲಿಯೇ ಅವನು ತೀರಿಕೊಂಡು ಅಲ್ಲಿಯೇ ಮಣ್ಣಾದನು. ಆ ಮೇಲೆ ಭಾರತದಿಂದ ಮೆಣಸನ್ನು ಹೊತ್ತು ಮರಳುವ ಹಡಗುಗಳಿಗೆ ತೆರ್ಸೈರವು ಕೊನೆಯ ತಂಗುದಾಣವಾಯಿತು. ನಮ್ಮ ಕರಾವಳಿಯವರ ಬಾಯಲ್ಲಿ ಇಂದಿಗೂ ಬಳಕೆಯಲ್ಲಿರುವ ಇಗರ್ಜಿ, ಪಾದ್ರಿ, ಮೇಜು, ಚಾವಿ ಮುಂತಾದ ಪದಗಳನ್ನು ಪೀಕೊವಿನ ಮುದುಕಿಯೊಬ್ಬಳು ಕೇಳಿದರೆ ಅರ್ಥಕ್ಕೆ ತಡವರಿಸಲಾರಳು.

ಮೊದಲ ತಲೆಮಾರಿನವರು ಗೋದಿ ಬಿತ್ತಿ ದನ ಸಾಕಿದರು. ಆದರೆ ದ್ವೀಪದ ಪಶ್ಚಿಮ ಭಾಗದಲ್ಲಿ ಲಾವಾಶಿಲೆಯ ಹೊರತು ಬೇರೇನೂ ಇರಲಿಲ್ಲ. ದ್ವೀಪದ ಮೊದಲ ಪಾದ್ರಿಗಳಲ್ಲೊಬ್ಬನಾದ ಪೆದ್ರು ಜಿಗಾಂತ್ ಎಂಬ ಸನ್ಯಾಸಿಯು ಅಲ್ಲಿ ದ್ರಾಕ್ಷಿಯನ್ನು ಮೊದಲು ನೆಟ್ಟನೆಂದು ಜನರು ಹೇಳಿಕೊಂಡು ಬಂದಿದ್ದಾರೆ. ಬಂಡೆಯ ಬಿರುಕನ್ನು ಹಾರೆಯಿಂದ ಅಗಲಿಸಿ, ಅದರೊಳಗೆ ಹಿಡಿಮಣ್ಣನ್ನು ತುಂಬಿ ಬಳ್ಳಿಯನ್ನು ಊರುವುದು. ಕಿತ್ತ ಕಲ್ಲುಗಳನ್ನೆಲ್ಲ ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಿ ಆಳೆತ್ತರಕ್ಕೂ ಕಡಮೆಯಾದ ಗೋಡೆಗಳನ್ನು ಕಟ್ಟುವುದು. ನಾಲ್ಕೋ ಆರೋ ಬಳ್ಳಿಗಳಿಗೆ ಒಂದು ಕೋಣೆಯಂತೆ ಸಾವಿರಾರು ಕಿರಿಯ ಆವರಣಗಳನ್ನು ಒಂದಕ್ಕೊಂದು ಹೆಣೆಯುವುದು—ಇದು ಅವರ ಕೃಷಿ. ‘ಕುರ್ರಾಯ್ಶ್’ ಎಂಬ ಹೆಸರಿನ ಈ ಆವರಣಗಳಲ್ಲಿ ಗೋಡೆಯು ಎರಡು ಕೆಲಸಗಳನ್ನು ಮಾಡುತ್ತದೆ: ಉಪ್ಪನ್ನು ಹೊತ್ತು ಬೀಸುವ ಕಡಲಗಾಳಿಯನ್ನು ತಡೆಯುತ್ತದೆ, ಹಗಲಿನ ಬಿಸಿಲನ್ನು ಕರಿಯ ಮೈಯಲ್ಲಿ ಹೀರಿಟ್ಟುಕೊಂಡು ಇರುಳಿನಲ್ಲಿ ಗೊಂಚಲಿಗೆ ಮರಳಿಸುತ್ತದೆ. ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ ಕಲ್ಲಿನ ಮೇಲೆಯೇ ಮಲಗಿಸುತ್ತಾರೆ. ಕುಡಿಯುವ ನೀರಿಗೂ ಹೊಳೆಯಿಲ್ಲದ ಆ ತೀರದಲ್ಲಿ, ಭರತದೊಂದಿಗೆ ಏರಿ ಇಳಿತದೊಂದಿಗೆ ತಗ್ಗುವ ಸವುಳು ಬಾವಿಗಳನ್ನು ಬಂಡೆಯಲ್ಲಿ ಕೊರೆದರು. ಪೀಪಾಯಿಗಳನ್ನು ಉರುಳಿಸಿಕೊಂಡು ಹೋಗಲು ದಡದ ಶಿಲೆಯನ್ನು ಕಡಿದು ಇಳಿಜಾರುಗಳನ್ನು ಮಾಡಿದರು. ಎತ್ತಿನ ಬಂಡಿಗಳ ಚಕ್ರಗಳು ಶತಮಾನಗಳ ಕಾಲ ಒಂದೇ ಜಾಡಿನಲ್ಲಿ ಓಡಾಡಿ ಲಾವಾಶಿಲೆಯಲ್ಲಿ ಕೊರೆದ ಜೋಡಿಗೀರುಗಳು ಇಂದಿಗೂ ಅಳಿಯದೆ ಉಳಿದಿವೆ. ಯಾವ ಅರಮನೆಯ ಶಾಸನವನ್ನು ಓದುವಾಗಲೂ ನನಗೆ ಆ ಗೀರುಗಳಷ್ಟು ಮನಸ್ಸು ಕರಗಿದುದಿಲ್ಲ.

ಇಷ್ಟು ದುಡಿದವರಿಗೆ ದಕ್ಕಿದುದೆಷ್ಟು? ‘ವೆರ್ದೆಲ್ಯು’ ಜಾತಿಯ ದ್ರಾಕ್ಷಿಯಿಂದ ತೆಗೆದ ಪೀಕೊವಿನ ದ್ರಾಕ್ಷಾರಸವು ಹದಿನೆಂಟನೆಯ ಶತಮಾನದಲ್ಲಿ ಓರ್ತದಿಂದ ಹಡಗೇರಿ ಯೂರೋಪು ಅಮೆರಿಕಗಳ ಶ್ರೀಮಂತರ ಮೇಜಿನವರೆಗೆ ಹೋಯಿತು. ರಷ್ಯದ ಚಕ್ರವರ್ತಿಗಳ ನೆಲಮಾಳಿಗೆಯಲ್ಲಿಯೂ ಅದು ಇದ್ದಿತೆಂದು ದ್ವೀಪದವರು ಅಭಿಮಾನದಿಂದ ಹೇಳುತ್ತಾರೆ. ಆದರೆ ತೋಟಗಳ ಬಹುಪಾಲು ಫಯಾಲಿನ ಧನಿಕರವು. ಸುಗ್ಗಿಯ ಕಾಲದಲ್ಲಿ ಅವರು ಕಾಲುವೆ ದಾಟಿ ಬಂದು ತಮ್ಮ ಬೇಸಗೆಯ ಮನೆಗಳಲ್ಲಿ ತಂಗಿ, ಪೀಪಾಯಿಗಳೊಂದಿಗೆ ಹಿಂದಿರುಗುತ್ತಿದ್ದರು. ಕಲ್ಲೊಡೆದವನು ಪೀಕೊವಿನವನು, ಹಡಗಿಗೇರಿಸಿದವನು ಫಯಾಲಿನವನು. 2004ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಗೋಡೆಗಳ 987 ಹೆಕ್ಟೇರು ಭೂಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಗೌರವವು ಕಡೆಗೂ ಕಲ್ಲೊಡೆದವನ ಪಾಲಿಗೆ ಬಂದಿತೆನ್ನಬಹುದು.

ಇಂಥ ನೆಲದ ಮೇಲೆ, ಇಂಥ ಬೆಟ್ಟದ ಬುಡದಲ್ಲಿ ಬಾಳಿದವರು ಯಾವ ದೈವವನ್ನು ಮೊರೆಹೊಕ್ಕರೆಂಬುದನ್ನು ತಿಳಿಯಬೇಕಾದರೆ ಪವಿತ್ರಾತ್ಮದ ಉತ್ಸವವನ್ನು ನೋಡಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಪೋರ್ಚುಗಲ್ಲಿನ ದಿನಿಶ್ ಅರಸನ ಪತ್ನಿಯೂ ಮುಂದೆ ಸಂತಳೆಂದು ಪೂಜೆಗೊಂಡವಳೂ ಆದ ಇಜಬೆಲ್ ರಾಣಿಯು ಅಲೆಂಕೇರ್ ಪಟ್ಟಣದಲ್ಲಿ ಬಡವನೊಬ್ಬನ ತಲೆಗೆ ಕಿರೀಟವನ್ನಿಡಿಸಿ, ಬಡವರಿಗೆಲ್ಲ ಊಟವಿಕ್ಕಿಸಿ ಈ ಆಚರಣೆಯನ್ನು ಮೊದಲುಮಾಡಿದಳೆಂದು ಪ್ರತೀತಿ. ಮೂಲದೇಶದಲ್ಲಿ ಅದು ಕಾಲಕ್ರಮದಲ್ಲಿ ಬಹುಮಟ್ಟಿಗೆ ಕ್ಷೀಣಿಸಿತು. ಫ್ರಾನ್ಸಿಸ್ಕನ್ ಸನ್ಯಾಸಿಗಳೊಡನೆ ಸಮುದ್ರ ದಾಟಿ ಬಂದು ದ್ವೀಪಗಳಲ್ಲಿ ಮಾತ್ರ ಬೇರುಬಿಟ್ಟು ಹೆಮ್ಮರವಾಯಿತು. ಬೆಟ್ಟವು ಬೆಂಕಿಯನ್ನುಗುಳಿದಾಗಲೆಲ್ಲ, ಭೂಮಿ ನಡುಗಿದಾಗಲೆಲ್ಲ, ಜನರು ಪವಿತ್ರಾತ್ಮದ ಬೆಳ್ಳಿಯ ಕಿರೀಟವನ್ನು ಕೈಯಲ್ಲಿ ಹಿಡಿದು ಹೊರಬಂದು, ಈ ಆಪತ್ತು ತೊಲಗಿದರೆ ವರ್ಷವರ್ಷವೂ ಬಂದವರಿಗೆಲ್ಲ ರೊಟ್ಟಿಯಿಕ್ಕುವೆವೆಂದು ಹರಕೆ ಹೊತ್ತರು. ಲಾವಾಪ್ರವಾಹವು ಊರಿನ ಹೊರಗೇ ನಿಂತಿತು ಎಂಬ ನೆನಪು ಯಾವ ಊರಿನಲ್ಲುಂಟೋ ಆ ಊರಿನ ಹರಕೆಯು ಇಂದಿಗೂ ಸಲ್ಲುತ್ತಲೇ ಇದೆ.

ಈಸ್ಟರಿನ ಮೇಲಣ ವಾರಗಳಲ್ಲಿ ಕಿರೀಟವು ಮನೆಯಿಂದ ಮನೆಗೆ ಹೋಗುತ್ತದೆ. ಯಾರ ಮನೆಗೆ ಅದು ಬಂದಿತೋ ಅವರು ನಡುಮನೆಯಲ್ಲಿ ಹೂವು ದೀಪಗಳಿಂದ ಮೆಟ್ಟಿಲುಮೆಟ್ಟಿಲಾದ ಪೀಠವನ್ನು ಕಟ್ಟಿ, ಶಿಖರದಲ್ಲಿ ಪಾರಿವಾಳದ ಆಕೃತಿಯನ್ನು ಹೊತ್ತ ಆ ಕಿರೀಟವನ್ನೂ ರಾಜದಂಡವನ್ನೂ ಅದರ ಮೇಲಿರಿಸುತ್ತಾರೆ. ಸಂಜೆ ನೆರೆಹೊರೆಯವರೆಲ್ಲ ಬಂದು ಜಪಮಾಲೆ ಎಣಿಸುತ್ತಾರೆ. ಭಾನುವಾರ ಕೆಂಪು ಪತಾಕೆಯ ಹಿಂದೆ ಮೆರವಣಿಗೆಯಾಗಿ ಇಗರ್ಜಿಗೆ ಹೋದಾಗ ಪಾದ್ರಿಯು ಆ ಮನೆಯವರು ಆರಿಸಿದವನ ತಲೆಯ ಮೇಲೆ ಕಿರೀಟವನ್ನಿಡುತ್ತಾನೆ. ಅವನಿಗೆ ‘ಚಕ್ರವರ್ತಿ’ಯೆಂದು ಹೆಸರು. ಎಷ್ಟೋ ಸಲ ಈ ಚಕ್ರವರ್ತಿಯು ಎಂಟು ಹತ್ತು ವಯಸ್ಸಿನ ಬಾಲಕನೋ ಬಾಲಕಿಯೋ ಆಗಿರುವುದುಂಟು. ರಾಜಾಧಿರಾಜರ ಹಡಗುಗಳು ಹಾದುಹೋಗುತ್ತಿದ್ದ ಸಮುದ್ರದ ನಡುವೆ, ಕಲ್ಲೊಡೆಯುವವನ ಮಗುವೊಂದು ಒಂದು ಭಾನುವಾರದ ಮಟ್ಟಿಗೆ ಸಾರ್ವಭೌಮನಾಗಿ ನಡೆದುಬರುವಾಗ ಊರ ಹಿರಿಯರೆಲ್ಲ ಹಿಂದೆ ನಡೆಯುವ ಆ ದೃಶ್ಯದಲ್ಲಿ ನಟನೆಯ ಲೇಶವೂ ಇಲ್ಲ. ಅವರು ಅದನ್ನು ಮನಃಪೂರ್ವಕವಾಗಿ ನಂಬುತ್ತಾರೆ.

ಅನಂತರ ಊಟ. ಗೋಮಾಂಸವನ್ನು ಬೇಯಿಸಿದ ಸಾರನ್ನು, ಪುದೀನದೆಲೆಯಿಟ್ಟ ರೊಟ್ಟಿಯ ತುಂಡುಗಳ ಮೇಲೆ ಸುರಿದು ದೊಡ್ಡ ಬೋಗುಣಿಗಳಲ್ಲಿ ಬಡಿಸುತ್ತಾರೆ. ಜೊತೆಗೆ ಹಾಲು ಮೊಟ್ಟೆ ಸಕ್ಕರೆ ಹಾಕಿ ನಾದಿದ ಸಿಹಿರೊಟ್ಟಿ, ದ್ರಾಕ್ಷಾರಸ. ಕರೆದವರು ಕರೆಯದವರೆಂಬ ಭೇದವಿಲ್ಲ, ದಾರಿಹೋಕನೂ ಕುಳಿತುಣ್ಣಬಹುದು. ಪೀಕೊವಿಗೇ ವಿಶಿಷ್ಟವಾದುದು ‘ರೊಸ್ಕೀಲ್ಯ’ ಎಂಬ ಬಳೆಯಾಕಾರದ ರೊಟ್ಟಿಯ ಹಂಚಿಕೆ. ಹೆಂಗಸರು ಆ ರೊಟ್ಟಿಗಳನ್ನು ತುಂಬಿ ಹೂವಿನಿಂದ ಅಲಂಕರಿಸಿದ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಸಾಲಾಗಿ ನಡೆದುಬರುತ್ತಾರೆ. ಆಶೀರ್ವಾದವಾದ ಮೇಲೆ ಅಲ್ಲಿ ನೆರೆದ ಪ್ರತಿಯೊಬ್ಬನ ಕೈಗೂ ಒಂದೊಂದು ರೊಟ್ಟಿ ಬರುತ್ತದೆ. ಇದನ್ನು ನಡೆಸತಕ್ಕವರು ಪಾದ್ರಿಗಳಲ್ಲ. ಊರಿನ ಗೃಹಸ್ಥರು ತಾವೇ ಕಟ್ಟಿಕೊಂಡ ಸಹೋದರಸಂಘಗಳು. ಗೋದಿಯೇ ದುರ್ಲಭವಾದ ದ್ವೀಪದಲ್ಲಿ, ಮೆಕ್ಕೆಜೋಳದ ರೊಟ್ಟಿಯಿಂದ ವರ್ಷವನ್ನು ಕಳೆದ ಜನರು, ಈ ಒಂದು ವಾರಕ್ಕಾಗಿ ಬಿಳಿಯ ಹಿಟ್ಟನ್ನು ಕೂಡಿಡುತ್ತಿದ್ದರೆಂಬುದನ್ನು ನೆನೆದರೆ ಆ ರೊಟ್ಟಿಯ ತೂಕ ತಿಳಿದೀತು. ಪವಿತ್ರಾತ್ಮದ ಹಬ್ಬವಾದ ಪೆಂತೆಕೋಸ್ತಿನ ಮರುದಿನವಾದ ಸೋಮವಾರವನ್ನು ಅಜೋರ್ಸಿನ ಸ್ವಯಂಶಾಸಿತ ಸರ್ಕಾರವು 1980ರಿಂದ ತನ್ನ ನಾಡಹಬ್ಬದ ದಿನವಾಗಿ ಆಚರಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹರಕೆಗೆ ಬಗ್ಗದ ಶತ್ರುವೊಂದು ಬಂದಿತು. 1850ರ ದಶಕದ ಆರಂಭದಲ್ಲಿ ಎಲೆಗಳ ಮೇಲೆ ಬೂದಿಯಂತೆ ಹರಡುವ ಶಿಲೀಂಧ್ರರೋಗವೊಂದು ಅಮೆರಿಕದಿಂದ ಯೂರೋಪಿಗೆ ಹಬ್ಬಿ, ಈ ದ್ವೀಪದ ಬಳ್ಳಿಗಳನ್ನೂ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಇಳುವರಿಯು ಲೆಕ್ಕಕ್ಕೆ ಬಾರದಷ್ಟು ಇಳಿಯಿತು. ಉಳಿದುದನ್ನು ಮುಂದೆ ಬೇರುಗಳನ್ನು ತಿನ್ನುವ ಫಿಲಾಕ್ಸೆರ ಹುಳುವು ಮುಗಿಸಿತು. ಶತಮಾನಗಳ ಗೋಡೆಗಳೊಳಗೆ ಕುರುಚಲು ಬೆಳೆಯಿತು. ಜನರು ಕಡಲಿನತ್ತ ತಿರುಗಿದರು. ಅಥವಾ ಕಡಲೇ ಅವರನ್ನು ಕರೆಯಿತೆಂದರೂ ಸಲ್ಲುತ್ತದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಅಮೆರಿಕದ ನ್ಯೂ ಇಂಗ್ಲೆಂಡಿನ ತಿಮಿಂಗಿಲಬೇಟೆಯ ಹಡಗುಗಳು ನೀರು ತರಕಾರಿಗಳಿಗಾಗಿಯೂ ಆಳುಗಳಿಗಾಗಿಯೂ ಓರ್ತಕ್ಕೆ ಬರುತ್ತಿದ್ದುವು. ಅಲ್ಲಿ 1806ರಿಂದ ಅಮೆರಿಕದ ಕಾನ್ಸಲ್ ಪದವಿಯನ್ನು ಹೊಂದಿದ್ದ ಡಾಬ್ನಿ ಮನೆತನವು ಮೂರು ತಲೆಮಾರುಗಳವರೆಗೆ ಆ ವ್ಯವಹಾರದ ಕೇಂದ್ರವಾಗಿತ್ತು. ಸೈನ್ಯಕ್ಕೆ ಸೇರಿಸಿಬಿಡುವರೆಂಬ ಭಯವೂ ಹಸಿವೂ ಕೂಡಿ, ಪೀಕೊವಿನ ಹದಿನಾರು ಹದಿನೇಳು ವಯಸ್ಸಿನ ಹುಡುಗರು ಇರುಳಿನಲ್ಲಿ ದಡದಿಂದ ದೋಣಿಯೇರಿ, ದೂರದಲ್ಲಿ ದೀಪವಿಟ್ಟು ಕಾಯುತ್ತಿದ್ದ ಹಡಗುಗಳನ್ನು ಸೇರಿಕೊಂಡರು. 1851ರಲ್ಲಿ ಪ್ರಕಟವಾದ ಹರ್ಮನ್ ಮೆಲ್ವಿಲ್ಲನ ‘ಮೊಬಿ ಡಿಕ್’ ಕಾದಂಬರಿಯಲ್ಲಿಯೂ ಈ ಶಿಲಾತೀರಗಳ ರೈತಮಕ್ಕಳ ಪ್ರಸ್ತಾಪವುಂಟು.

ಹೀಗೆ ಹೋದವರಲ್ಲಿ ಕೆಲವರು ಮರಳಿದರು. ಲಾಜೆಸಿನ ಅನ್ಸೆಲ್ಮು ಸಿಲ್ವೆಯ್ರ ಎಂಬ ನಾವಿಕನು ಅಮೆರಿಕದ ಹಡಗುಗಳಲ್ಲಿ ಆ ವಿದ್ಯೆಯನ್ನೆಲ್ಲ ಕಲಿತು ಊರಿಗೆ ಬಂದು, ದಡದಿಂದಲೇ ದೋಣಿಯಿಳಿಸಿ ತಿಮಿಂಗಿಲವನ್ನು ಬೇಟೆಯಾಡುವ ಸಂಘವೊಂದನ್ನು 1876ರ ಸುಮಾರಿಗೆ ಕಟ್ಟಿದನು. ಮೊದಮೊದಲು ದೋಣಿಗಳು ಅಮೆರಿಕದಿಂದಲೇ ಬಂದುವು. 1894ರಲ್ಲಿ ಲಾಜೆಸಿನ ಬಡಗಿಯಾದ ಫ್ರಾನ್ಸಿಸ್ಕು ಜೊಜೆ ಮಷಾದು ಎಂಬುವನು ಅದೇ ಮಾದರಿಯನ್ನು ತನ್ನ ಕೈಯಾರೆ ರೂಪಿಸಿದನು. ಅಲ್ಲಿಂದ ಮುಂದೆ ಪೀಕೊವಿನ ದೋಣಿಯೇ ಬೇರೆಯಾಗಿ ಬೆಳೆಯಿತು. ಅದು ಅಮೆರಿಕದ ದೋಣಿಗಿಂತ ಉದ್ದ—ಸುಮಾರು ಹನ್ನೊಂದು ಹನ್ನೆರಡು ಮೀಟರು. ಅಗಲವೋ ಎರಡು ಮೀಟರಿನ ಆಸುಪಾಸು. ಹಿಂದೂ ಮುಂದೂ ಒಂದೇ ಬಗೆಯಾಗಿ ಚೂಪು. ಹಲಗೆಯು ಬೆರಳ ಅಗಲಕ್ಕೂ ತೆಳುವು. ಏಳು ಮಂದಿ: ಹಿಂದೆ ನಿಂತು ಚುಕ್ಕಾಣಿ ಹಿಡಿದ ನಾಯಕ, ಮುಂದೆ ಈಟಿಗಾರ, ನಡುವೆ ಹುಟ್ಟುಹಾಕುವ ಐವರು, ಈಟಿಗಾರನೂ ತನ್ನ ಗಳಿಗೆ ಬರುವವರೆಗೆ ಹುಟ್ಟು ಹಿಡಿಯಬೇಕು. ನಕ್ಷೆಯನ್ನು ಕಾಗದದಲ್ಲಿ ಬರೆಯದೆ ಅಚ್ಚುಗಳ ಆಧಾರದಿಂದಲೂ ಕಣ್ಣಳತೆಯಿಂದಲೂ ತಂದೆಯಿಂದ ಮಗನಿಗೆ ಇಳಿದ ಆ ಶಿಲ್ಪವನ್ನು ಸಮುದ್ರತಜ್ಞರು ದೋಣಿಕಟ್ಟುವ ಕಲೆಯ ಪರಾಕಾಷ್ಠೆಗಳಲ್ಲೊಂದೆಂದು ಎಣಿಸುತ್ತಾರೆ. ಓಟವೇ ಪ್ರಾಣವಾದ ದೋಣಿಯಲ್ಲಿ ಅನಾವಶ್ಯಕವಾದ ಒಂದು ಮೊಳೆಗೂ ಸ್ಥಳವಿಲ್ಲ. ಅದರ ಚೆಲುವು ಅಲ್ಲಿಂದ ಬಂದುದು.

ಬೇಟೆಯ ದಿನವು ಬೆಟ್ಟದ ಮೇಲೆ ಮೊದಲಾಗುತ್ತಿತ್ತು. ಕಡಲಿಗೆ ಮುಖಮಾಡಿದ ಸಣ್ಣ ಕಾವಲುಗೂಡಿನಲ್ಲಿ, ಉದ್ದನೆಯ ಕಿಂಡಿಯ ಹಿಂದೆ, ದುರ್ಬೀನು ಹಿಡಿದ ಕಾವಲುಗಾರನು ಬೆಳಕು ಹರಿಯುವ ಮೊದಲೇ ಕುಳಿತಿರುತ್ತಿದ್ದನು. ಇಲ್ಲಿ ಬೇಟೆಯಾಡುತ್ತಿದ್ದುದು ಬೃಹತ್ ಶಿರಸ್ಸಿನ, ಹಲ್ಲುಳ್ಳ, ಪೋರ್ಚುಗೀಸರು ‘ಕಶಲೋತ್’ ಎಂದು ಕರೆಯುವ ತಿಮಿಂಗಿಲವನ್ನು. ಅದರ ಉಸಿರಿನ ತುಂತುರು ಉಳಿದ ತಿಮಿಂಗಿಲಗಳಂತೆ ನೇರವಾಗಿ ಏಳದೆ ಎಡಕ್ಕೆ ಮುಂದಾಗಿ ವಾಲುತ್ತದೆ. ಹತ್ತಾರು ಮೈಲು ದೂರದಲ್ಲಿ ಮಿಂಚಿ ಮಾಯವಾಗುವ ಆ ಬಿಳಿಯ ಎಳೆಯಿಂದಲೇ ಕಾವಲುಗಾರನು ಜಾತಿಯನ್ನೂ ದಿಕ್ಕನ್ನೂ ತಿಳಿಯುತ್ತಿದ್ದನು. ಆಕಾಶಕ್ಕೆ ಸಿಡಿಮದ್ದಿನ ಬಾಣವೊಂದನ್ನು ಹಾರಿಸುತ್ತಿದ್ದನು. ಆ ಸಿಡಿತ ಕಿವಿಗೆ ಬಿದ್ದೊಡನೆ ಹೊಲದಲ್ಲಿದ್ದವನು ಗುದ್ದಲಿಯನ್ನು ನೆಟ್ಟಲ್ಲಿಯೇ ಬಿಟ್ಟು, ಚಮ್ಮಾರನು ಜೋಡನ್ನು ಅರ್ಧಕ್ಕೆ ಬಿಟ್ಟು, ‘ಬಲೇಯ! ಬಲೇಯ!’—ತಿಮಿಂಗಿಲ, ತಿಮಿಂಗಿಲ—ಎಂದು ಕೂಗುತ್ತ ದೋಣಿಮನೆಗೆ ಓಡುತ್ತಿದ್ದರು. ಹೆಂಗಸರು ರೊಟ್ಟಿಯ ಗಂಟನ್ನು ಹಿಡಿದು ದಡದವರೆಗೆ ಓಡಿಬರುತ್ತಿದ್ದರು. ಬೇಟೆಗಾರಿಕೆಯೊಂದರಿಂದಲೇ ಜೀವಿಸಿದವರು ವಿರಳ. ಎಲ್ಲರಿಗೂ ಬೇರೊಂದು ಕಸುಬಿತ್ತು.

ದಡದಿಂದ ಬಿಳಿಯ ಬಟ್ಟೆಗಳನ್ನು ಹರಡಿ ಕಾವಲುಗಾರನು ದಾರಿತೋರುತ್ತಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ದೋಣಿಗಳನ್ನು ಬೇಟೆಯ ಸಮೀಪದವರೆಗೆ ಎಳೆದೊಯ್ಯಲು ಯಂತ್ರದ ನಾವೆಗಳೂ, ಅನಂತರ ರೇಡಿಯೊ ಸಹ ಬಂದುವು. ಆದರೆ ಕೊನೆಯ ಹಾದಿಯು ಹಾಯಿಯಿಂದಲೂ ಹುಟ್ಟುಗಳಿಂದಲೂ ಮಾತ್ರ. ತಿಮಿಂಗಿಲಕ್ಕೆ ಯಂತ್ರದ ಸದ್ದು ಕೇಳಬಾರದು. ಕೆಲವು ವೇಳೆ ಹುಟ್ಟನ್ನೂ ಬಿಟ್ಟು, ಕೈಹಲಗೆಗಳನ್ನು ನೀರಿಗೆ ಮೆಲ್ಲನೆ ಇಳಿಸುತ್ತ, ಉಸಿರುಬಿಗಿಹಿಡಿದು ಅದರ ಬೆನ್ನ ಮೇಲೇರುವಷ್ಟು ಹತ್ತಿರಕ್ಕೆ ಹೋಗಬೇಕು. ಈಟಿಗಾರನು ಎದ್ದುನಿಂತು ತೊಡೆಯನ್ನು ಮುಂಬದಿಯ ಕಚ್ಚಿನಲ್ಲಿ ಅದುಮಿಕೊಂಡು ಈಟಿಯನ್ನೆಸೆಯುವನು. ಆ ಈಟಿಯು ಕೊಲ್ಲುವುದಕ್ಕಲ್ಲ, ಹಿಡಿಯುವುದಕ್ಕೆ. ಪೀಪಾಯಿಗಳಲ್ಲಿ ಸುರುಳಿಸುತ್ತಿಟ್ಟ ನೂರಾರು ಮೀಟರು ಹಗ್ಗವು ಹಿಂಬದಿಯ ಗೂಟವನ್ನು ಸುತ್ತಿ, ಹೊಗೆಯೇಳುವಷ್ಟು ವೇಗದಿಂದ ಹೊರಕ್ಕೆ ಓಡುವುದು; ಅದಕ್ಕೆ ನೀರೆರೆಯುತ್ತಿರಬೇಕು; ತೊಡಕಾದರೆ ಕಡಿಯಲು ಕೊಡಲಿಯು ಸಿದ್ಧವಿರಬೇಕು; ಸುರುಳಿಯೊಳಗೆ ಕಾಲಿಟ್ಟವನ ಕಥೆ ಮುಗಿದಂತೆ. ಗಾಯಗೊಂಡ ಪ್ರಾಣಿಯು ಸಾವಿರ ಮೀಟರು ಆಳಕ್ಕೂ ಮುಳುಗಬಹುದು, ಗಂಟೆಗಟ್ಟಲೆ ದೋಣಿಯನ್ನು ಎಳೆದುಕೊಂಡು ಓಡಬಹುದು, ಹಿಂತಿರುಗಿ ಬಾಲದ ಒಂದೇಟಿನಿಂದ ದೋಣಿಯನ್ನು ಚೂರುಮಾಡಬಹುದು. ಅದು ದಣಿದ ಮೇಲೆ ನೀಳವಾದ ಭಲ್ಲೆಯಿಂದ ಮತ್ತೆ ಮತ್ತೆ ಇರಿಯುತ್ತಿದ್ದರು. ಉಸಿರಿನ ತುಂತುರು ಕೆಂಪಾದಾಗ ಅಂತ್ಯ ಸಮೀಪಿಸಿತೆಂದರ್ಥ. 1949ರಲ್ಲಿ ಅಲ್ಲಿಗೆ ಹೋದ ಇಂಗ್ಲೆಂಡಿನ ತಿಮಿಂಗಿಲತಜ್ಞ ರಾಬರ್ಟ್ ಕ್ಲಾರ್ಕನು, ಮೆಲ್ವಿಲ್ಲನ ಕಾಲದೊಂದಿಗೇ ಅಳಿಯಿತೆಂದು ಲೋಕವು ತಿಳಿದಿದ್ದ ಬೇಟೆಯು ಇಲ್ಲಿ ಅದೇ ಆಯುಧಗಳೊಡನೆ ಜೀವಂತವಾಗಿರುವುದನ್ನು ಕಂಡು ಸವಿವರವಾಗಿ ವರದಿ ಬರೆದನು.

ಆ ಮಹಾಪ್ರಾಣಿಯ ಯಾತನೆಯನ್ನು ಮರೆತು ಈ ಶೌರ್ಯವನ್ನು ಮಾತ್ರ ಹೊಗಳುವುದು ನನ್ನಿಂದಾಗದು. ಆದರೆ ಬೇಟೆಯಿಂದ ಬೇಟೆಗಾರನು ಧನಿಕನಾದನೆಂದೂ ಭಾವಿಸಬಾರದು. ಬಂದ ಹಣದಲ್ಲಿ ಖರ್ಚನ್ನೂ ಸಂಘದ ಭಾಗವನ್ನೂ ಕಳೆದು ಉಳಿದುದನ್ನು ಪಾಲುಗಳಾಗಿ ಹಂಚುತ್ತಿದ್ದರು. ಬಂಡೆಯ ಮೇಲೆ ಬೆಳೆಯದ ಮೆಕ್ಕೆಜೋಳವನ್ನು ಕೊಳ್ಳಲು ಅದು ಸಾಲುತ್ತಿತ್ತು, ಅಷ್ಟೆ. ಲಾಭ ಹೋದುದು ಎಣ್ಣೆಯನ್ನು ದೂರದೇಶಗಳಿಗೆ ಮಾರಿದವರಿಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಂತ್ರಗಳಿಗೆ ಬೇಕಾದ ಈ ನಯವಾದ ಎಣ್ಣೆಗೆ ಬೆಲೆಯೇರಿ, ಸಾಂವ್ ರೋಕಿನಲ್ಲಿ ದೊಡ್ಡ ಕಾರ್ಖಾನೆಯೊಂದು ಎದ್ದಿತು. 1924ರಲ್ಲಿ ದ್ವೀಪಗಳನ್ನು ಸುತ್ತಿದ ಪೋರ್ಚುಗೀಸ್ ಲೇಖಕ ರಾವುಲ್ ಬ್ರಾಂಡಾವುವಿನ ಪ್ರವಾಸಗ್ರಂಥದಲ್ಲಿಯೂ, 1944ರಲ್ಲಿ ಹೊರಬಂದ ವಿತೊರಿನು ನೆಮೇಜಿಯುವಿನ ಮಹಾಕಾದಂಬರಿಯಲ್ಲಿಯೂ ಪೀಕೊವಿನ ಈ ಜನರಿಗೆ ದೊರೆತ ಗೌರವದ ಸ್ಥಾನವು ಅವರ ಬಡತನವನ್ನು ಕಂಡೇ ದೊರೆತುದು.

ಎಣ್ಣೆ ಹೋದ ಮೇಲೆ ಹಲ್ಲು ಉಳಿಯುತ್ತಿತ್ತು. ಕಶಲೋತಿನ ಕೆಳದವಡೆಯಲ್ಲಿ ಸಾಲಾಗಿ ನಲವತ್ತಕ್ಕೂ ಮಿಕ್ಕಿ ಹಲ್ಲುಗಳು. ದೊಡ್ಡದಾದರೆ ಒಂದೊಂದೂ ಗೇಣುದ್ದ. ಅಮೆರಿಕದ ಹಡಗುಗಳ ನಾವಿಕರು ಗಾಳಿಯಿಲ್ಲದ ದಿನಗಳ ಬೇಸರವನ್ನು ನೀಗಲು ಇವುಗಳ ಮೇಲೆ ಸೂಜಿಯಿಂದ ಚಿತ್ರ ಕೆತ್ತುತ್ತಿದ್ದರು. ದ್ವೀಪದವರು ಅದನ್ನು ಮನೆಗೆ ತಂದು ಕುಲಕಸುಬಾಗಿಸಿದರು. ಹಲ್ಲಿನ ಒರಟನ್ನು ಉಜ್ಜಿ ಕನ್ನಡಿಯಂತೆ ನಯಗೊಳಿಸಿ, ಮೊನೆಯಿಂದ ಗೀರಿ, ಗೀರಿನೊಳಗೆ ಮಸಿಯನ್ನು ತುಂಬಿ ಒರೆಸಿದರೆ ರೇಖೆಯು ಕಪ್ಪಾಗಿ ನಿಲ್ಲುತ್ತದೆ; ತಪ್ಪಿದ ಗೀರನ್ನು ಅಳಿಸುವಂತಿಲ್ಲ. ಈಟಿಯೆತ್ತಿ ನಿಂತವನ ಭುಜ, ಹಾಯಿಯುಬ್ಬಿದ ದೋಣಿ, ಹಿಂದೆ ಪೀಕೊ ಶಿಖರ—ಕೊಂದ ಪ್ರಾಣಿಯ ದೇಹದ ಮೇಲೆಯೇ ಆ ಕೊಲೆಯ ಚರಿತ್ರೆಯನ್ನು ಬರೆದಿಟ್ಟ ಈ ಕಲೆಯ ಮುಂದೆ ನಿಂತವನಿಗೆ ಮೆಚ್ಚುಗೆಯೂ ವಿಷಾದವೂ ಒಟ್ಟಿಗೇ ಉಂಟಾಗದಿರವು. ಹೆಂಗಸರ ಕಲೆ ಬೇರೆ. ಗಂಡ ಮಕ್ಕಳು ಕಡಲಿಗೆ ಹೋದ ದೀರ್ಘ ಹಗಲುಗಳಲ್ಲಿ, ಕರಿಗಲ್ಲಿನ ಹೊಸ್ತಿಲಲ್ಲಿ ಕುಳಿತು, ಒಂದು ಕೊಕ್ಕೆಕಡ್ಡಿಯಿಂದ ಅವರು ಹೆಣೆದ ಬಿಳಿಯ ನೂಲಿನ ಲೇಸುಗಳು ದ್ವೀಪದ ಹೆಸರಿನಿಂದಲೇ ಪ್ರಸಿದ್ಧವಾದುವು. ಮೀನಿನ ಹುರುಪೆಗಳನ್ನು ತೊಳೆದು ಒಣಗಿಸಿ ತಂತಿಗೆ ಪೋಣಿಸಿ ಹೂಮಾಡುವುದನ್ನೂ ಅವರು ಕಲಿತರು. ಎದುರಿನ ಫಯಾಲಿನಲ್ಲಿ ಅಂಜೂರದ ಕೊಂಬೆಯ ಬಿಳಿಯ ತಿರುಳನ್ನು ಬಿಡಿಸಿ, ಕೂದಲೆಳೆಯಷ್ಟು ತೆಳುವಾದ ಹಡಗುಗಳನ್ನೂ ಹೂಗಳನ್ನೂ ಮಾಡುವವರಿದ್ದರು. ಅವರಲ್ಲಿ ಅಗ್ರಗಣ್ಯನಾದ ಎವುಕ್ಲಿದಿಶ್ ರೋಜನ ಕೃತಿಗಳು ಓರ್ತದ ವಸ್ತುಸಂಗ್ರಹಾಲಯದಲ್ಲಿವೆ.

ಬೇಟೆಗಾರರ ಹಬ್ಬವೆಂದರೆ ಲಾಜೆಸಿನಲ್ಲಿ ಆಗಸ್ಟಿನ ಕೊನೆಯ ವಾರ ನಡೆಯುವ ಲೂರ್ದ್ ಮಾತೆಯ ಉತ್ಸವ. ಬಿರುಗಾಳಿಗೆ ಸಿಕ್ಕಿ ಮರಳಿದವರು ಆಕೆಗೆ ಹರಕೆಯೊಪ್ಪಿಸಿದರು, ಮರಳದವರಿಗಾಗಿ ಉಳಿದವರು ಅತ್ತರು. ಸಾಂವ್ ಮತೇವುಸ್ ಗ್ರಾಮದಲ್ಲಿ ಆಗಸ್ಟ್ 6ರಂದು ಮೆರೆಯುವ ಬೋಂ ಜೆಜುಸ್—ಕರುಣಾಮಯಿಯಾದ ಯೇಸು—ಬ್ರೆಜಿಲಿಗೆ ವಲಸೆಹೋಗಿ ಹಿಂದಿರುಗಿದವನೊಬ್ಬನು ಹತ್ತೊಂಬತ್ತನೆಯ ಶತಮಾನದಲ್ಲಿ ತಂದ ವಿಗ್ರಹ; ಹೋದವರೆಲ್ಲ ಬರಿಗೈಯಲ್ಲಿ ಬರಲಿಲ್ಲ. ಹಬ್ಬದ ರಾತ್ರಿ ‘ಶಮರ್ರಿತ’ ನೃತ್ಯವುಂಟು: ಗಂಡಸರೂ ಹೆಂಗಸರೂ ಮಂಡಲವಾಗಿ ನಿಂತು, ಎದೆಯ ಮೇಲೆ ಎರಡು ಹೃದಯಗಳ ಆಕಾರದ ರಂಧ್ರಗಳುಳ್ಳ ದ್ವೀಪದ ತಂತಿವಾದ್ಯದ ನಾದಕ್ಕೆ, ನಡುವೆ ನಾಯಕನೊಬ್ಬನು ಕೂಗಿ ಕೊಟ್ಟ ಅಪ್ಪಣೆಯಂತೆ ತಿರುಗುತ್ತ, ಜೊತೆ ಬದಲಿಸುತ್ತ ಕುಣಿಯುತ್ತಾರೆ. ದೋಣಿಯಲ್ಲಿ ಒಬ್ಬನ ಮಾತಿಗೆ ಆರು ಮಂದಿ ಒಂದಾಗಿ ಬಾಗುತ್ತಿದ್ದುದನ್ನು ನೆನಪಿಗೆ ತರುವ ಕುಣಿತವದು.

1957ರ ಸೆಪ್ಟೆಂಬರಿನಲ್ಲಿ ಫಯಾಲಿನ ಪಶ್ಚಿಮದ ಕಪೆಲಿನ್ಯುಶ್ ಎಂಬಲ್ಲಿ ಸಮುದ್ರವೇ ಕುದಿದು ಅಗ್ನಿಪರ್ವತವು ಎದ್ದಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಬೂದಿ ಸುರಿದು ಹೊಲಮನೆಗಳು ಹೂತುಹೋದುವು. ಅಮೆರಿಕದ ಸಂಸತ್ತಿನಲ್ಲಿ ಜಾನ್ ಪಾಸ್ಟೋರ್, ಜಾನ್ ಕೆನೆಡಿ ಎಂಬ ಸದಸ್ಯರು ಮುಂದೆ ನಿಂತು 1958ರಲ್ಲಿ ನಿರಾಶ್ರಿತರ ಕಾನೂನನ್ನು ಮಾಡಿಸಿದ ಮೇಲೆ ವಲಸೆಯ ಬಾಗಿಲು ತೆರೆಯಿತು. ತರುಣರು ಹೊರಟುಹೋದಂತೆ ಹುಟ್ಟುಹಾಕುವ ಕೈಗಳು ಕಡಮೆಯಾದುವು. ಎಣ್ಣೆಗೆ ಬದಲಿ ವಸ್ತುಗಳು ಬಂದುವು. ತಿಮಿಂಗಿಲಗಳ ಸಂತತಿಯೇ ಅಳಿಯುವುದೆಂಬ ಅರಿವು ಲೋಕದಲ್ಲಿ ಹರಡಿ, ಕೊಳ್ಳುವವರು ಇಲ್ಲವಾದರು. 1984ರಲ್ಲಿ ಸಾಂವ್ ರೋಕಿನ ಕಾರ್ಖಾನೆಯ ಒಲೆಗಳು ಆರಿದುವು. 1987ರಲ್ಲಿ ಲಾಜೆಸಿನ ಕೆಲವು ಹಳಬರು ಕೊನೆಯ ಬಾರಿಗೆ ದೋಣಿಯಿಳಿಸಿ ಒಂದು ತಿಮಿಂಗಿಲವನ್ನು ಹಿಡಿದರು. ಆ ಮೇಲೆ ಯಾರೂ ಹಿಡಿಯಲಿಲ್ಲ. ಮರುವರ್ಷ ಅದೇ ಊರಿನ ಹಳೆಯ ದೋಣಿಮನೆಗಳಲ್ಲಿ ಬೇಟೆಗಾರರ ವಸ್ತುಸಂಗ್ರಹಾಲಯವು ತೆರೆಯಿತು. ಕಾರ್ಖಾನೆಯೂ ಮುಂದೆ ಅದೇ ದಾರಿಯನ್ನು ಹಿಡಿಯಿತು.

ದೋಣಿಗಳು ಮಾತ್ರ ಸಂಗ್ರಹಾಲಯಕ್ಕೆ ಪೂರ್ತಿಯಾಗಿ ಸಲ್ಲಲಿಲ್ಲ. ದ್ವೀ​ಪದ ಹಳ್ಳಿಹಳ್ಳಿಗಳವರು ಅವುಗಳನ್ನು ದುರಸ್ತಿಮಾಡಿಸಿ, ಬಣ್ಣ ಬಳಿದು, ಬೇಸಗೆಯಲ್ಲಿ ಹಾಯಿಯ ಪಂದ್ಯಕ್ಕೂ ಹುಟ್ಟಿನ ಪಂದ್ಯಕ್ಕೂ ಇಳಿಸುತ್ತಾರೆ. ಹಿಂದೆ ದಡದಲ್ಲಿ ರೊಟ್ಟಿಯ ಗಂಟು ಹಿಡಿದು ನಿಂತವರ ಮೊಮ್ಮಕ್ಕಳಾದ ಹುಡುಗಿಯರದೇ ತಂಡಗಳು ಈಗ ಆ ಏಳು ಸ್ಥಾನಗಳಲ್ಲಿ ಕುಳಿತುಕೊಳ್ಳುತ್ತವೆ. ಲಾಜೆಸಿನ ಮೇಲಣ ಕಾವಲುಗೂಡೂ ಬರಿದಾಗಲಿಲ್ಲ. ಬೇಟೆ ನಿಂತ ಕೆಲವೇ ವರ್ಷಗಳಲ್ಲಿ ತಿಮಿಂಗಿಲಗಳನ್ನು ನೋಡಲೆಂದೇ ದೂರದೇಶದವರು ಬರತೊಡಗಿದಾಗ, ಅವನ್ನು ಹುಡುಕಿಕೊಡಬಲ್ಲವರು ಹಳೆಯ ಕಾವಲುಗಾರರ ಹೊರತು ಇನ್ನಾರೂ ಇರಲಿಲ್ಲ. ಬೆಳಕು ಹರಿಯುವ ಮೊದಲೇ ಮುದುಕನೊಬ್ಬನು ಅದೇ ಕಿಂಡಿಯ ಹಿಂದೆ ಅದೇ ಕಲ್ಲುಬೆಂಚಿನ ಮೇಲೆ ಕುಳಿತು, ಮೊಣಕೈಯೂರಿ ದುರ್ಬೀನನ್ನು ಕಣ್ಣಿಗಿಟ್ಟುಕೊಳ್ಳುತ್ತಾನೆ. ಎಡಕ್ಕೆ ವಾಲಿದ ಬಿಳಿಯ ಎಳೆಯೊಂದು ದಿಗಂತದಲ್ಲಿ ಮಿಂಚುತ್ತದೆ. ಅವನು ಬಾಣವನ್ನು ಹಾರಿಸುವುದಿಲ್ಲ, ರೇಡಿಯೊವನ್ನು ಬಾಯಿಯ ಹತ್ತಿರ ತಂದು, ಎಷ್ಟು ಮೈಲು, ಯಾವ ದಿಕ್ಕು, ಮತ್ತೆ ಮುಳುಗಲು ಇನ್ನೆಷ್ಟು ಹೊತ್ತು ಎಂಬುದನ್ನು ಕೆಳಗಿನ ದೋಣಿಯವರಿಗೆ ಹೇಳುತ್ತಾನೆ.